ಸೊಲ್ಲಾಪುರದಲ್ಲಿ ಮನೆ ನೋಡಿದ್ದು

ತಂಗಿಯ ಮಗಳು ಸೊಲ್ಲಾಪುರದ ಹುಡುಗನನ್ನು ಒಪ್ಪಿದ್ದಳು. ಹುಡುಗನ ಮನೆ ನೋಡಿ ಬರುವುದೊಂದು ಉಳಿದಿತ್ತು. ಇಂಥ ಕೆಲಸಕ್ಕೆ ಇಡೀ ತಾಲೂಕಿನಲ್ಲಿ ನನ್ನಷ್ಟು ಲಾಯಕ್ಕಾದವನು ಇನ್ನೊಬ್ಬನಿಲ್ಲ. ಆದರೂ ಸಾಂಗ್ಲಿ ಜಿಲ್ಲೆಯ ನಮ್ಮ ಜತ್ತದ ಬಸ್ ಸ್ಟ್ಯಾಂಡಿನಲ್ಲೇ ತಂಗಿ ಗದರಿಸಿದಳು: “ಅಣ್ಣಾ, ಹುಡುಗಿ ಮನಸ್ಸು ಅಲ್ಲೇ ಕುಂತೈತಿ. ನಿನ್ನ ಬಾಯಿಂದ ಕೆಟ್ಟರ ಮತ್ತ ನಮ್ಮ ಮನಿ ಹೊಸ್ತಿಲ ತುಳೀಬ್ಯಾಡ.”

ನಾವಿಬ್ಬರೂ ಸೊಲ್ಲಾಪುರ ಮುಟ್ಟಿದಾಗ ಇನ್ನೂ ಹೊತ್ತಿತ್ತು. ಕೋಟೆಯ ಗೋಡೆ ನೋಡಿದೆವು, ಕೆರೆಯ ನಡುವಿನ ಸಿದ್ಧೇಶ್ವರನಿಗೆ ಕೈಮುಗಿದೆವು. ಬೋರ್ಡೆಲ್ಲ ಮರಾಠಿ, ರಿಕ್ಷಾದವನು ಮರಾಠಿ, ಹೂವಿನವಳೂ ಮರಾಠಿ. “ಈ ಊರಾಗ ಕನ್ನಡ ದೇವರಿಗಷ್ಟ ತಿಳೀತೈತಿ ನೋಡು” ಎಂದು ತೀರ್ಪು ಕೊಟ್ಟೆ. ಒಂದು ತಾಸಿನಲ್ಲಿ ಊರನ್ನು ಓದಿ ಮುಗಿಸುವವನು ನಾನು.

ಮನೆ ಬಾಗಿಲಲ್ಲಿ ಹುಡುಗನ ಅಪ್ಪ “ಯಾ, ಬಸಾ” ಎಂದು ಮರಾಠಿಯಲ್ಲೇ ಕರೆದು ಕೂಡಿಸಿದರು. ನಾನೂ ಕಚೇರಿಯಲ್ಲಿ ಆಡುವ ನಯವಾದ ಮರಾಠಿ ತೆಗೆದೆ. ಮೂಲೆಯಲ್ಲಿ ಅವರ ತಾಯಿ, ಹಣ್ಣುಹಣ್ಣು ಮುದುಕಿ, ದೀಪದ ಬತ್ತಿ ಹೊಸೆಯುತ್ತಿದ್ದರು.

ಚಹಾ ಬಂತು. ಒಂದು ಗುಟುಕು ಕುಡಿದು, ಮುಖದ ಮೇಲೆ ನಗು ಇಟ್ಟುಕೊಂಡೇ ತಂಗಿಗೆ ಕನ್ನಡದಲ್ಲಿ ಹೇಳಿದೆ: “ಚಹಾಕ್ಕ ಸಕ್ಕರಿ ಡಬ್ಬಿ ಬರೇ ತೋರಿಸ್ಯಾರ, ಹಾಕಿಲ್ಲ.”

ಹುಡುಗನ ಅಪ್ಪ ಕೆಮ್ಮಿದರು.

“ಇವರ ಹೊಟ್ಟಿ ನೋಡು. ಮನಿ ಸಕ್ಕರಿ ಎಲ್ಲಾ ಎಲ್ಲಿ ಹೋಗೈತಿ ತಿಳೀತೈತಿ.”

ಕೆಮ್ಮು ಜೋರಾಯಿತು.

“ಭಾಳ ಹಳೇ ಕೆಮ್ಮು. ಹುಡುಗಗೂ ಐತೇನು ಕೇಳು.”

ಮುದುಕಿ ಬತ್ತಿ ಕೆಳಗಿಟ್ಟರು. “ಕೆಮ್ಮಲ್ಲೋ ತಮ್ಮಾ, ಅವಗ ನಗು ತಡಿಯಾಕ ಆಗವಲ್ದು. ಸಕ್ಕರಿ ಬ್ಯಾನಿ ನಂದು. ನನ್ನ ಸಂಬಂಧ ಎಲ್ಲಾರೂ ಸಪ್ಪಗ ಕುಡೀತಾರ.”

ಉಳಿದ ಸಪ್ಪನೆ ಚಹಾವನ್ನು ನಾನು ಒಂದೇ ಗುಟುಕಿಗೆ ಮುಗಿಸಿದೆ. ತಂಗಿಯ ಕಣ್ಣಲ್ಲಿ ನೀರು ತುಂಬಿತ್ತು.

“ನಮ್ಮದೂ ಕನ್ನಡ ಮನೀನರಿ,” ಎಂದರು ಹುಡುಗನ ಅಪ್ಪ, ಕಣ್ಣೊರೆಸಿಕೊಳ್ಳುತ್ತ. “ನೀವು ಸಾಂಗ್ಲಿ ಕಡಿಯವರು, ಮರಾಠಿಯಾಗ ಮಾತಾಡಿದರ ಮರ್ಯಾದಿ ಅಂತ ತಿಳಕೊಂಡ್ವಿ.”

ಮುದುಕಿ ತಂಗಿಯ ಕಡೆ ತಿರುಗಿದರು. “ಹುಡುಗೀನೂ ಹಿಂಗ ಮಾತಾಡ್ತಾಳೇನವಾ?”

“ಇಲ್ರಿ ಆಯಿ! ಬಾಯಿ ಇಲ್ಲದ ಕೂಸು.”

ಮುದುಕಿಯ ಮುಖ ಸಣ್ಣದಾಯಿತು. “ಹಂಗಾದರ ನನಗೇನು ಬಂತು? ನಾ ಕನ್ನಡದಾಗ ಬೈದರ ಮೊಮ್ಮಕ್ಕಳು ಮರಾಠಿಯಾಗ ನಗತಾವ. ತಿರುಗಿ ಬೈಯಾವ್ರ ಇಲ್ಲ.”

“ಆಯಿ, ನನ್ನ ತಂಗಿ ಸುಳ್ಳು ಹೇಳ್ತಾಳ,” ಎಂದೆ. “ಹುಡುಗಿ ಬಾಯಿ ಮುಂದ ನಾ ಏನೂ ಅಲ್ಲ.” ನಾನು ಇನ್ನೊಬ್ಬರನ್ನು ನನಗಿಂತ ಮೇಲೆ ಎಂದದ್ದು ಅದೊಂದೇ ಸಲ. ಹುಡುಗಿಗೆ ಫೋನ್ ಹಚ್ಚಿ, “ಹುಡುಗನ ಅಜ್ಜಿ ಮಾತಾಡ್ತಾರ” ಎಂದು, ಸ್ಪೀಕರ್ ಹಾಕಿ ಮುದುಕಿಯ ಕೈಗೆ ಕೊಟ್ಟೆ.

“ಏನವಾ, ಲಗೂನ ಏಳ್ತೀಯೋ, ಬಿಸಲೇರೂತನಕ ಬಿದ್ದಿರ್ತೀಯೋ?” ಮುದುಕಿ ಕೇಳಿದರು.

“ನೀವು ಎಬ್ಬಿಸೂದರ ಮ್ಯಾಲ ಐತ್ರಿ ಆಯಿ. ದನಿ ಅಂತೂ ಗಟ್ಟಿ ಐತಿ ನಿಮ್ದು.”

ಇಬ್ಬರೂ ನಮ್ಮನ್ನು ಮರೆತು ಜಗಳಕ್ಕಿಳಿದರು. ಹುಡುಗನ ಅಪ್ಪ ನನ್ನತ್ತ ಬಾಗಿ ಕೇಳಿದರು: “ಮದವಿ ಯಾವ ತಿಂಗಳದಾಗ ಇಟಗೊಳ್ಳೂಣ್ರಿ?”

ನಾನು ಬಾಯಿ ತೆರೆಯುವ ಮೊದಲೇ ತಂಗಿ ತಿಂಗಳು ಹೇಳಿಬಿಟ್ಟಿದ್ದಳು.