ಕಸ್ತೂರಕ್ಕನ ಹಣಿಗೆ ಮತ್ತ ಕುಂಕುಮ

ಗೆಳ್ಯಾರ, ವಿಧವಾ ವೇತನ ಬೇಕಂದ್ರ ಹಣಿಮ್ಯಾಲ ಕುಂಕುಮ ಇರಬೇಕಂತ. ಇವತ್ತ ಗೊತ್ತಾತು.

ಬನಹಟ್ಟಿಯೊಳಗ ನಮ್ಮ ಬಾಜೂಮನಿ ಕಸ್ತೂರಕ್ಕನ ಗಂಡ, ಮಗ್ಗದಾಂವ, ದೀಪಾವಳಿ ಮುಂದ ತೀರಿಕೊಂಡ. ವೇತನದ ಅರ್ಜಿಗೆ ಮುಖದ ಗುರುತು ಕೊಡಸಾಕ ಆಕೀನ ಕಚೇರಿಗೆ ಕರ್ಕೊಂಡು ಹೋಗಿದ್ದೆ. ಆಧಾರ್ ಫೋಟೋದಾಗ ಕಾಸಗಲ ಕುಂಕುಮ, ಮೂಗಿನಾಗ ನತ್ತು. ಈಗಿನ ಬೋಳು ಹಣಿ ಕ್ಯಾಮೆರಾಕ್ಕ ಒಪ್ಪಲಿಲ್ಲ. ಎಷ್ಟ ಸಲ ಹಿಡಿದ್ರೂ "ವ್ಯಕ್ತಿ ಬೇರೆ" ಅಂತ ತೋರಿಸ್ತು.

"ಈಕಿ ಕಸ್ತೂರಕ್ಕ ಅಂತ ನಾ ಸಹಿ ಮಾಡ್ತೇನ್ರಿ" ಅಂದೆ.

"ನಿಮ್ಮ ಸಹಿನೂ ನಡಿಯೂದಿಲ್ಲ, ಸಾಹೇಬ್ರ ಸಹಿನೂ ನಡಿಯೂದಿಲ್ಲರಿ. ಮುಖ ನೋಡೂ ಎಐ ಹೂಂ ಅನ್ನಬೇಕು" ಅಂದ್ರು ಗುಮಾಸ್ತರು. ಆಮ್ಯಾಲ ದನಿ ಇಳಿಸಿ, "ಅಕ್ಕಾರ, ಫೋಟೋದಾಗ ಇದ್ದಂಗ ಒಮ್ಮೆ ಕುಂಕುಮ ಹಚ್ಚಿ ನೋಡ್ರಿ" ಅಂದ್ರು.

ಗ್ವಾಡಿ ಮ್ಯಾಲಿನ ದೇವರ ಫೋಟೋದಿಂದ ಕಸ್ತೂರಕ್ಕ ಬೆರಳಿಗೆ ಕುಂಕುಮ ತಗೊಂಡ್ಲು. ಹಚ್ಚಿಕೊಂಡ್ಲು. ಕ್ಯಾಮೆರಾ ಒಪ್ಪಿತು.

ಸೆರಗಿನಿಂದ ಹಣಿ ಒರಸ್ಕೊಂತ ಕೇಳಿದ್ಲು, "ಪ್ರತಿ ವರ್ಷಾ ಮುಖ ತೋರಸಾಕ ಹಿಂಗ ಹಚ್ಕೊಂಡು ಬರಬೇಕೇನ್ರಿ?"



ಮೊದಲ ಸಲ ಆಕಿ ಕುಂಕುಮ ಅಳಿಸಿದಾಗ ಓಣಿಯೆಲ್ಲಾ ಕೂಡಿ ಅತ್ತಿತ್ತು. ಇವತ್ತ ಗುಮಾಸ್ತರು "ಮುಂದಿನವರು ಬರ್ರಿ" ಅಂದ್ರು.