ಎಕ್‌ನ ಪಾಲು

ಇನ್ವರ್‌ಬ್ರೇ ತಂಡ ಒಂದಲ್ಲ ಒಂದು ದಿನ ಸ್ಕಾಟಿಷ್ ಕಪ್ಪಿನ ಫೈನಲ್ ಆಡುತ್ತದೆ ಎಂದು ಯಾರಾದರೂ ಹೇಳಿದ್ದರೆ, ನಮ್ಮೂರಿನವರು ಮೊದಲು ಅವನ ಬಾಯಿ ಮೂಸಿ ನೋಡುತ್ತಿದ್ದರು. ಅಂಥ ಫುಟ್‌ಬಾಲ್ ತಂಡ ಅದು. ಗೋಲ್‌ಕೀಪರನಿಗೆ ಚೆಂಡು ಕಂಡರೆ ಭಯ, ಮುಂದೆ ಆಡುವವರಿಗೆ ಗೋಲು ಕಂಡರೆ ನಾಚಿಕೆ. ಆದರೂ ಶನಿವಾರ ಬಂತೆಂದರೆ ಊರಿನ ಅರ್ಧ ಜನ ಕೆಂಪು-ಬಿಳಿ ಪಟ್ಟೆಯ ಮಫ್ಲರ್ ಸುತ್ತಿಕೊಂಡು, ಸೋಲು ನೋಡಲು ರೈಲು ಹತ್ತುತ್ತಿದ್ದರು. ಆ ಅರ್ಧದಲ್ಲಿ ವಾಟಿ ಮಚ್ ಮತ್ತು ಎಕ್ ಸೂಟರ್ ತಪ್ಪದೆ ಇರುತ್ತಿದ್ದರು.

ಇಬ್ಬರೂ ಬಂದರಿನ ಪಕ್ಕದ ಹೊಗೆಮನೆಯಲ್ಲಿ ಕೆಲಸಕ್ಕಿದ್ದವರು. ಹ್ಯಾಡಕ್ ಮೀನನ್ನು ಉಪ್ಪು ಹಾಕಿ, ಎರಡೆರಡನ್ನು ಬಾಲಕ್ಕೆ ಬಾಲ ಸೇರಿಸಿ ದಾರದಿಂದ ಬಿಗಿದು, ಕೋಲಿಗೆ ಜೋತುಬಿಟ್ಟು ಕೆಳಗೆ ಮರದ ಬೆಂಕಿ ಹಾಕುವ ಕೆಲಸ. ಮೀಸೆ ಮೂಡುವ ಮೊದಲೇ ಸೇರಿಕೊಂಡು, ಬೆನ್ನು ಬಾಗಿದ ಮೇಲೆ ಇಬ್ಬರೂ ಒಂದೇ ದಿನ ಕೆಲಸ ಬಿಟ್ಟರು. ಊರಿನವರು ಅವರಿಬ್ಬರನ್ನೂ ‘ಜೋಡಿ ಮೀನು’ ಎಂದೇ ಕರೆಯುತ್ತಿದ್ದರು. ಒಬ್ಬ ಕಂಡರೆ ಇನ್ನೊಬ್ಬನನ್ನು ಹುಡುಕಬೇಕಾಗಿರಲಿಲ್ಲ.

ಪ್ರಾಯದಲ್ಲಿ ವಾಟಿ ಕುಡಿಯುತ್ತಿದ್ದ. ಸುಮ್ಮನೆ ಕುಡಿಯುತ್ತಿದ್ದ ಎಂದರೆ ಸುಳ್ಳಾಗುತ್ತದೆ, ಬಾಟಲಿಯ ತಳ ಕಾಣದೆ ಅವನ ಕೈ ಬಾಯಿಂದ ಕೆಳಗಿಳಿಯುತ್ತಿರಲಿಲ್ಲ. ಪಂದ್ಯದ ರೈಲುಗಳಲ್ಲಿ ಪೊಲೀಸರು ಹೆಂಡ ಕಿತ್ತುಕೊಳ್ಳಲು ಶುರುಮಾಡಿದಾಗ, ಎಲ್ಲರೂ ಮಾಡಿದ್ದನ್ನೇ ಅವನೂ ಮಾಡಿದ. ವಿಸ್ಕಿಯನ್ನು ಐರನ್ ಬ್ರೂ ಎಂಬ ಕಿತ್ತಳೆ ಬಣ್ಣದ ಜ್ಯೂಸಿನ ಬಾಟಲಿಗೆ ಬಗ್ಗಿಸಿಕೊಂಡು ಕೋಟಿನ ಒಳಜೇಬಿಗೆ ಇಳಿಸಿದ. ಬಣ್ಣದ ವ್ಯತ್ಯಾಸವನ್ನು ಸುತ್ತಲಿನ ಲೇಬಲ್ಲು ಮುಚ್ಚುತ್ತಿತ್ತು, ವಾಸನೆಯನ್ನು ಕೋಟಿಗೆ ಅಂಟಿದ ಹೊಗೆ ಮುಚ್ಚುತ್ತಿತ್ತು. ಪೊಲೀಸರ ಕಣ್ಣಿಗೆ ಮಣ್ಣೆರಚಿದೆ ಎಂದು ಬೀಗುತ್ತಿದ್ದ ಕಾಲ ಅದು.

ಅಂಥ ಒಂದು ಶನಿವಾರ ಮಗಳು ಐಲ್ಸಾಳನ್ನು ಮೊದಲ ಸಲ ಪಂದ್ಯಕ್ಕೆ ಕರೆದುಕೊಂಡು ಹೋದ. ಏಳು ವರ್ಷದ ಮಗು. ರೈಲಿನಲ್ಲಿ ಬಾಯಾರಿತು. ಅಪ್ಪನ ಜೇಬಿನಿಂದ ಇಣುಕುತ್ತಿದ್ದ ಜ್ಯೂಸಿನ ಬಾಟಲಿ ಎಳೆದು, ಮುಚ್ಚಳ ತೆಗೆದು ಗಟಗಟ ಎರಡು ಗುಟುಕು ನುಂಗಿಬಿಟ್ಟಿತು. ಉಸಿರು ಕಟ್ಟಿತು, ಕಣ್ಣುಗುಡ್ಡೆ ಹೊರಬಂದಂತಾಯಿತು, ಹೊಸ ಫ್ರಾಕಿನ ಮೇಲೆಲ್ಲ ವಾಂತಿ ಮಾಡಿಕೊಂಡಿತು. ಇಡೀ ಡಬ್ಬಿ ಹೋ ಎಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ವಾಟಿ. ಮಗು ಅವನ ಮುಖವನ್ನೊಮ್ಮೆ ನೋಡಿತು. ಆಮೇಲೆ ಎದ್ದು ಹೋಗಿ ಎಕ್‌ನ ಪಕ್ಕ ಕೂತಿತು. ಸಂಜೆ ಊರಿಗೆ ಮರಳಿದಾಗಲೂ ನಿಲ್ದಾಣದಿಂದ ಮನೆಯವರೆಗೂ ಎಕ್‌ನ ಕೈಯನ್ನೇ ಹಿಡಿದುಕೊಂಡು ನಡೆಯಿತು.

ಸೋಮವಾರ ಎಕ್ ಹೊಗೆಮನೆಗೆ ಬರುವಾಗ ಒಂದು ಗಾಜಿನ ಅರ್ಧ ಬಾಟಲಿ ತಂದಿದ್ದ. ಒಳ್ಳೆಯ ವಿಸ್ಕಿ, ಸೀಲು ಒಡೆದಿರಲಿಲ್ಲ.

‘ಲೋ ವಾಟಿ, ಇದನ್ನ ನೋಡ್ಕೋ. ಇನ್ಮೇಲೆ ನಾನೂ ಕುಡಿಯಲ್ಲ, ನೀನೂ ಕುಡಿಯಲ್ಲ. ಇನ್ವರ್‌ಬ್ರೇ ಫೈನಲ್ ಆಡೋ ದಿನ ಇಬ್ರೂ ಸೇರಿ ಇದನ್ನ ಒಡೆಯೋಣ.’

‘ಹಂಗಂದ್ರೆ ಈ ಜನ್ಮದಲ್ಲಿ ಇಲ್ಲ ಅನ್ನು.’

‘ಅಷ್ಟೂ ಗೊತ್ತಿಲ್ದೆ ಹೇಳ್ತೀನೇನೋ, ಪೆದ್ದ?’

ಕುಡಿತ ಅತಿಯಾಗಿದ್ದವನು ವಾಟಿ. ಎಕ್‌ಗೆ ಬಿಡಬೇಕಾದ ಅಗತ್ಯವೇ ಇರಲಿಲ್ಲ. ಗೆಳೆಯ ಒಬ್ಬನೇ ಒದ್ದಾಡಬಾರದೆಂದು ತಾನೂ ಬಿಟ್ಟ. ಬಾಟಲಿ ಎಕ್‌ನ ಮನೆಯ ಕಪಾಟಿನಲ್ಲಿ, ಅವನ ಹೆಂಡತಿ ನೆಟ್ಟಾಳ ಉಣ್ಣೆ ಉಂಡೆಗಳ ಹಿಂದೆ ಸೇರಿತು. ವಿಷಯ ಆ ಮೂವರಲ್ಲೇ ಉಳಿಯಿತು. ಬಾಟಲಿ ಮುಂದಿಟ್ಟುಕೊಂಡು ಕುಡಿತ ಬಿಡುವ ಆಣೆ ಮಾಡಿದ್ದೇವೆ ಎಂದರೆ ವಾಟಿಯ ಮನೆಯಲ್ಲಿ ಯಾರು ನಂಬುತ್ತಿದ್ದರು?

ಹೀಗೆ ಒಂದು ತಂಡದ ದಡ್ಡತನದ ಮೇಲೆ ಭಾರ ಹಾಕಿ ವಾಟಿ ನಲವತ್ತು ವರ್ಷ ಒಂದು ಹನಿಯನ್ನೂ ಮುಟ್ಟದೆ ಬದುಕಿದ. ಮೊದಲ ವರ್ಷಗಳಲ್ಲಿ ಕೈ ನಡುಗಿ ಮೀನಿನ ಗಂಟು ಬಿಚ್ಚಿಹೋಗುತ್ತಿತ್ತು. ಎಕ್ ಸದ್ದಿಲ್ಲದೆ ಮತ್ತೆ ಕಟ್ಟುತ್ತಿದ್ದ. ಐಲ್ಸಾ ದೊಡ್ಡವಳಾಗಿ, ಆಸ್ಪತ್ರೆಯಲ್ಲಿ ನರ್ಸ್ ಆಗಿ, ತಾನಾಗಿಯೇ ಮತ್ತೆ ಪಂದ್ಯಗಳಿಗೆ ಬರತೊಡಗಿದಳು. ವಾಟಿ ಫ್ಲಾಸ್ಕಿನಲ್ಲಿ ಚಹಾ ತರುತ್ತಿದ್ದ. ರೈಲು ಹೊರಟ ಕೂಡಲೇ ಐಲ್ಸಾ ಕೈ ಚಾಚುತ್ತಿದ್ದಳು. ‘ಅಪ್ಪಾ, ಮೊದಲ ಲೋಟ ನಂದು.’ ಪ್ರತಿ ಶನಿವಾರ ಅದೇ ಮಾತು. ಈ ಮಾತಿನ ಬಗ್ಗೆ ವಾಟಿಗೆ ಒಳಗೊಳಗೇ ಎಷ್ಟು ಹೆಮ್ಮೆ ಎಂದರೆ, ಎಕ್‌ನ ಪಕ್ಕೆಗೆ ತಿವಿದು ಹೇಳುತ್ತಿದ್ದ, ‘ನೋಡ್ದೇನೋ, ಇನ್ನೂ ಮಗು ಥರಾನೇ ಮಾಡ್ತಾಳೆ.’ ಎಕ್ ಕಿಟಕಿಯಾಚೆ ನೋಡುತ್ತ ‘ಹೂಂ’ ಎನ್ನುತ್ತಿದ್ದ.

ನಲವತ್ತನೆಯ ವರ್ಷದ ಚಳಿಗಾಲದಲ್ಲಿ ಎಕ್ ಎದೆರೋಗದಿಂದ ತೀರಿಕೊಂಡ. ಅದರ ಬೆನ್ನಿಗೇ ಬಂದ ವಸಂತದಲ್ಲಿ ಇನ್ವರ್‌ಬ್ರೇ ಸೆಮಿಫೈನಲ್ ಗೆದ್ದಿತು. ಎದುರಾಳಿಗಳು ತಮ್ಮದೇ ಗೋಲಿಗೆ ಚೆಂಡು ಹೊಡೆದುಕೊಂಡು ಗೆಲ್ಲಿಸಿದರು ಎನ್ನಿ, ಆದರೂ ಗೆಲುವು ಗೆಲುವೇ. ಬೀದಿಯಲ್ಲಿ ಜನ ಅಪ್ಪಿಕೊಂಡು ಕುಣಿಯುತ್ತಿದ್ದಾಗ ವಾಟಿ ಮುಚ್ಚಿದ ಹೊಗೆಮನೆಯ ಗೋಡೆಗೆ ಒರಗಿ ನಿಂತು ಬಿಕ್ಕಿ ಬಿಕ್ಕಿ ಅತ್ತ. ನಲವತ್ತು ವರ್ಷ ಕಾಯಿಸಿದ ಈ ತಂಡ, ಒಂದೆರಡು ತಿಂಗಳು ಬೇಗ ಗೆಲ್ಲಬಾರದಿತ್ತೇ ಎಂದು ಬಾಯಿಗೆ ಬಂದಂತೆ ಬೈದ.

ಫೈನಲ್ಲಿನ ಹಿಂದಿನ ದಿನ ನೆಟ್ಟಾ ಬಂದಳು. ಉಣ್ಣೆಯ ಟೋಪಿಯೊಂದರಲ್ಲಿ ಸುತ್ತಿದ ಬಾಟಲಿಯನ್ನು ಮೇಜಿನ ಮೇಲಿಟ್ಟಳು.

‘ಕೊನೇ ವಾರ ಮಾತಾಡೋಕೂ ಉಸಿರಿರಲಿಲ್ಲ ಅವನಿಗೆ. ಆದ್ರೂ ಇದನ್ನ ಕೇಳ್ದ. ಇದೆ ತಾನೆ, ಒಡೆದಿಲ್ಲ ತಾನೆ ಅಂತ. ತಗೊಂಡ್ಹೋಗು ವಾಟಿ.’

‘ನಾನು ಕುಡಿಯಲ್ಲ ನೆಟ್ಟಾ. ನನ್ನ ಯೋಗ್ಯತೆ ನಂಗೊತ್ತು. ಒಂದು ಗುಟುಕು ಒಳಗೆ ಹೋದ್ರೆ ಅಲ್ಲಿಗೆ ಮುಗೀತು.’

‘ನೀನು ಕುಡೀಬೇಡ. ಅವನ ಪಾಲು ಅವನಿಗೆ ಕೊಟ್ಟು ಬಾ.’

ಎಲ್ಲಿ ಕೊಡಬೇಕೆಂದು ಇಬ್ಬರಿಗೂ ಗೊತ್ತಿತ್ತು. ಫೈನಲ್ ನಡೆಯುವ ಗ್ಲಾಸ್ಗೋದ ಹ್ಯಾಂಪ್‌ಡನ್ ಮೈದಾನದ ಹೊರಗೆ ಹುಲ್ಲಿನ ಒಂದು ಇಳಿಜಾರು. ಹರೆಯದಲ್ಲಿ ಒಮ್ಮೆ ತಂಡ ಸೆಮಿಫೈನಲ್ ಸೋತಾಗ ವಾಟಿ, ಎಕ್ ಇಬ್ಬರೂ ಅಲ್ಲಿ ಕೂತು ಅತ್ತಿದ್ದರು. ಗೆದ್ದು ಇಲ್ಲಿಗೆ ಬರದಿದ್ದರೆ ನನ್ನ ಹೆಸರು ಎಕ್ ಸೂಟರ್ ಅಲ್ಲ ಎಂದು ಅವನು ಅಂದಿದ್ದು ಅಲ್ಲೇ. ಆ ಹುಲ್ಲಿನ ಮೇಲೆ ಸುರಿದರೆ ಆಯಿತು.

ತೊಡಕೊಂದೇ. ಫೈನಲ್ಲಿನ ವಿಶೇಷ ರೈಲಿಗೆ ‘ಒಣ ರೈಲು’ ಎಂದು ಬೋರ್ಡು ಬಿದ್ದಿತ್ತು. ಹೆಂಡ ಕುಡಿಯುವಂತಿಲ್ಲ, ಒಯ್ಯುವಂತಿಲ್ಲ, ಸಿಕ್ಕಿದರೆ ಬಾಟಲಿಯೂ ಹೋಯಿತು, ಪಂದ್ಯವೂ ಹೋಯಿತು. ನಾಲ್ಕು ದಶಕದಲ್ಲಿ ಕದ್ದು ಸಾಗಿಸುವ ಅಭ್ಯಾಸವೇ ತಪ್ಪಿಹೋಗಿದ್ದ ವಾಟಿಗೆ ತಿಳಿದಿದ್ದ ಉಪಾಯ ಒಂದೇ ಒಂದು. ಬೆಳಿಗ್ಗೆ ಸೀಲು ಒಡೆದ. ವಾಸನೆ ಮೂಗಿಗೆ ಬಡಿದಾಗ ಮುಖ ತಿರುಗಿಸಿಕೊಂಡ. ಒಂದು ಹನಿ ಚೆಲ್ಲದಂತೆ ಅಷ್ಟನ್ನೂ ಐರನ್ ಬ್ರೂ ಬಾಟಲಿಗೆ ಬಗ್ಗಿಸಿ, ಹಳೆಯ ಕೋಟಿನ ಒಳಜೇಬಿಗೆ ಇಳಿಸಿದ. ಆ ಬಾಟಲಿ ಆ ಜೇಬಿನಲ್ಲಿ ಯಾರ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬುದು, ದೇವರಾಣೆಗೂ, ನಮ್ಮ ವಾಟಿಗೆ ಹೊಳೆಯಲೇ ಇಲ್ಲ. ತಲೆ ತುಂಬ ಎಕ್ ಇದ್ದ.

ನಿಲ್ದಾಣದ ಗೇಟಿನಲ್ಲಿ ಹೆಂಡ ಎಸೆಯಲು ದೊಡ್ಡ ಡ್ರಮ್ಮು ಇಟ್ಟಿದ್ದರು. ಗಂಡಸರೆಲ್ಲ ಅದರ ಸುತ್ತ ನಿಂತು, ಎಸೆಯುವ ಬದಲು ಹೊಟ್ಟೆಗೇ ಎಸೆಯುತ್ತೇವೆಂದು ಬಿಯರ್ ಡಬ್ಬಿ ಖಾಲಿ ಮಾಡುತ್ತಿದ್ದರು. ಪೊಲೀಸನೊಬ್ಬ ಜ್ಯೂಸು, ನೀರು ಎನ್ನದೆ ಎಲ್ಲ ಬಾಟಲಿ ತೆರೆಸಿ ಮೂಸುತ್ತಿದ್ದ. ವಾಟಿ ಕೋಟನ್ನು ಎದೆಗೆ ಒತ್ತಿ ಹಿಡಿದ. ಅಷ್ಟರಲ್ಲಿ ಟಿಕೆಟ್ ನೋಡುವ ಸೆಂಗಾ ಅವನ ಭುಜ ಹಿಡಿದು ಮುಂದಕ್ಕೆ ತಳ್ಳಿದಳು.

‘ಅಯ್ಯೋ, ಇವರನ್ನ ಬಿಡಿ ಸಾರ್! ಇವರ ಜೇಬು ನೋಡೋ ಬದಲು ಪಾದ್ರಿಗಳ ಜೇಬು ನೋಡಿ. ವಾಟಿ ತಾತ ಹೆಂಡ ಮುಟ್ಟಿ ನನ್ನ ವಯಸ್ಸಾಯ್ತು. ಹೋಗು ತಾತ, ಕಪ್ಪು ತಗೊಂಡು ಬಾ!’

ವಾಟಿಯ ಕಿವಿ ಕೆಂಪಾಯಿತು. ಹಿಂದೆ ಬರುತ್ತಿದ್ದ ಐಲ್ಸಾ ನಗಲಿಲ್ಲ.

ರೈಲು ಹೊರಟಿತು. ಹಾಡು, ಕೂಗು, ಕಾಲು ಕುಟ್ಟುವುದು. ಐಲ್ಸಾ ಎಂದಿನಂತೆ ಕೈ ಚಾಚಿದಳು.

‘ಮೊದಲ ಲೋಟ ನಂದು.’

‘ಇವತ್ತು ಚಹಾ ತಂದಿಲ್ಲ ಕಣಮ್ಮ. ಗಡಿಬಿಡೀಲಿ ಮರ್ತೆ.’

‘ಮರ್ತ್ಯಾ?’

‘ವಯಸ್ಸಾಯ್ತಲ್ಲ.’

ಅವಳ ಕಣ್ಣು ಕೋಟಿನ ಎಡಭಾಗಕ್ಕೆ ಹೋಗಿ ಬಂತು. ಆಮೇಲೆ ಅವಳು ಮಳೆ ಬರುತ್ತದೋ ಇಲ್ಲವೋ ಎಂಬ ಮಾತಾಡಿದಳು. ಹಿಂದಿನ ಇರುಳು ನಿದ್ದೆಯಿಲ್ಲದ ವಾಟಿ, ಊರಾಚೆಯ ಸೇತುವೆ ದಾಟುವ ಮೊದಲೇ ಬಾಯಿ ತೆರೆದುಕೊಂಡು ನಿದ್ದೆ ಹೋದ. ಎಚ್ಚರವಾದಾಗ ಗ್ಲಾಸ್ಗೋ ಬಂದಿತ್ತು. ಮೊದಲು ಎದೆ ಮುಟ್ಟಿ ನೋಡಿಕೊಂಡ. ಬಾಟಲಿ ಇತ್ತು. ಐಲ್ಸಾ ಮುಖ ತೊಳೆದುಕೊಂಡು ಬಂದಂತಿದ್ದಳು.

ಹುಲ್ಲಿನ ಇಳಿಜಾರು ಇದ್ದಲ್ಲೇ ಇತ್ತು, ಅರ್ಧ ಮಾತ್ರ ಉಳಿದಿತ್ತು, ಇನ್ನರ್ಧಕ್ಕೆ ಕಾರು ನಿಲ್ಲಿಸುವ ಜಾಗ ಮಾಡಿದ್ದರು. ವಾಟಿ ಹೇಳಿದ, ‘ಐಲ್ಸಾ, ನೀನು ಹೋಗಿ ಎರಡು ಮಟನ್ ಪೈ ತಗೊಂಡ್ಬಾ. ಇಲ್ಲೇ ಕೂತಿರ್ತೀನಿ.’

‘ಹಸಿವಿಲ್ಲ.’

‘ನನಗೆ ಹಸಿವು.’

‘ಆಮೇಲೆ ತಿನ್ನೋಣ ಅಪ್ಪಾ.’ ಅವಳು ಪಕ್ಕದಲ್ಲೇ ಕೂತಳು.

ಇರಲಿ, ಇವಳಿಗೂ ಹೇಳಿಬಿಡೋಣ, ಇಷ್ಟು ವರ್ಷದ ಮೇಲೆ ಇನ್ನೇನು ಗುಟ್ಟು ಎಂದುಕೊಂಡು ವಾಟಿ ಬಾಟಲಿ ತೆಗೆದ. ಮುಚ್ಚಳ ತಿರುಗಿಸಿದ. ಸಕ್ಕರೆಯ ವಾಸನೆ ಬಂತು. ಮೂಗಿನ ಹತ್ತಿರ ಹಿಡಿದ. ಬೆರಳು ಅದ್ದಿ ನಾಲಗೆಗೆ ಹಚ್ಚಿಕೊಂಡ. ಸಿಹಿ. ಬರೀ ಜ್ಯೂಸು.

‘ನಾನೇ ಚೆಲ್ದೆ,’ ಎಂದಳು ಐಲ್ಸಾ. ದನಿ ಏರಿಸಲಿಲ್ಲ. ‘ನೀನು ಮಲಗಿದ್ದಾಗ. ರೈಲಿನ ಪಾಯಿಖಾನೆಗೆ. ಪಕ್ಕದವರ ಹತ್ರ ಜ್ಯೂಸು ಇಸ್ಕೊಂಡು ತುಂಬಿಸ್ದೆ. ಬೈತಾ ಇಲ್ಲ ಅಪ್ಪಾ. ಎಕ್ ಮಾಮ ಹೋದ್ಮೇಲೆ ನಿಂಗೆ ಕಷ್ಟ ಆಗತ್ತೆ ಅಂತ ಗೊತ್ತಿತ್ತು ನಂಗೆ. ಒಂದ್ಮಾತು ಹೇಳ್ಬಾರದಿತ್ತಾ? ಅದೇ ಬಾಟ್ಲಿ, ಅದೇ ಜೇಬು... ನೋಡಿದ ಕೂಡ್ಲೆ ಗೊತ್ತಾಗೋಯ್ತು.’

‘ಮೂಸಿ ನೋಡಿದ್ಯಾ?’

‘ಯಾವಾಗ್ಲೂ ನೋಡ್ತೀನಲ್ಲ ಅಪ್ಪಾ. ಮೊದಲ ಲೋಟ ನಂದು ಅಂತ ಮತ್ಯಾಕೆ ಕೇಳ್ತಿದ್ದೆ ಅಂದ್ಕೊಂಡೆ?’

ವಾಟಿಯ ಕೈಯಲ್ಲಿ ಬಾಟಲಿ ಹಾಗೇ ಇತ್ತು. ಪ್ರತಿ ಶನಿವಾರ. ಸೋತ ದಿನ, ಅಪರೂಪಕ್ಕೆ ಗೆದ್ದ ದಿನ, ಹೆಂಡತಿಯನ್ನು ಮಣ್ಣು ಮಾಡಿದ ವಾರ. ಪ್ರತಿ ಶನಿವಾರ ಮಗಳು ನಗುತ್ತ ಕೈ ಚಾಚಿ ಅವನ ಚಹಾ ಮೂಸಿದ್ದಳು. ಎಕ್‌ಗೆ ಇದು ಗೊತ್ತಿತ್ತು. ಗೊತ್ತಿದ್ದೇ ಕಿಟಕಿಯಾಚೆ ನೋಡುತ್ತಿದ್ದ.

ನಿಜ ಹೇಳಲು ಬಾಯಿ ತೆರೆದ. ಅದು ನನ್ನದಲ್ಲ, ಸತ್ತವನ ಪಾಲು, ಅವನಿಗಾಗಿ ತಂದಿದ್ದು. ಮಾತು ನಾಲಗೆಯ ತುದಿಗೆ ಬಂದಾಗ ಅವನಿಗೇ ಕೇಳಿಸಿತು, ಕುಡುಕ ಹೇಳುವ ಮಾತು ಇಂಥದೇ. ಹಿಂದೆ ಅವನು ಹೆಣೆಯುತ್ತಿದ್ದ ಸುಳ್ಳುಗಳು ಇದಕ್ಕಿಂತ ನಂಬುವ ಹಾಗಿದ್ದವು. ಅಕಸ್ಮಾತ್ ಅವಳು ನಂಬಿದರೆ ಅದು ಇನ್ನೂ ಕಷ್ಟ. ಏಳನೆಯ ವಯಸ್ಸಿನಲ್ಲಿ ಕೈ ಹಿಡಿದು ಮನೆ ಸೇರಿಸಿದವನ ಕೊನೆಯ ಆಸೆಯನ್ನು ಪಾಯಿಖಾನೆಗೆ ಸುರಿದೆ ಎಂಬುದನ್ನು ಹೊತ್ತುಕೊಂಡು ಅವಳು ಜೀವಮಾನವಿಡೀ ಬದುಕಬೇಕು.

‘ಒಳ್ಳೇದು ಮಾಡ್ದೆ ಮಗಳೇ,’ ಎಂದ ವಾಟಿ.

ಅವಳು ಅವನ ಹೆಗಲಿಗೆ ತಲೆಯಿಟ್ಟು ಅತ್ತಳು. ಅವನು ಬಾಟಲಿಯನ್ನು ಮೆಲ್ಲಗೆ ಬಾಗಿಸಿ, ಇದ್ದ ಜ್ಯೂಸನ್ನೇ ಹುಲ್ಲಿನ ಮೇಲೆ ಸುರಿದ. ಎಕ್‌ಗೆ ಐರನ್ ಬ್ರೂ ಕಂಡರೆ ಆಗುತ್ತಿರಲಿಲ್ಲ.

ಇನ್ವರ್‌ಬ್ರೇ ಸೋತಿತು, ಅದರಲ್ಲಿ ಹೇಳುವಂಥದ್ದೇನಿಲ್ಲ. ಊರಿಗೆ ಮರಳಿದಾಗ ಇನ್ನೂ ಬೆಳಕಿತ್ತು. ನಿಲ್ದಾಣದ ಹೊರಗೆ ನೆಟ್ಟಾ ಕಾಯುತ್ತಿದ್ದಳು. ಐಲ್ಸಾ ಅವಳನ್ನು ಪಕ್ಕಕ್ಕೆ ಕರೆದಳು. ‘ಆಂಟಿ, ನಿಮ್ಮ ಹತ್ರ ಮುಚ್ಚಿಡೋದೇನು. ಅಪ್ಪ ಮತ್ತೆ ಶುರು ಮಾಡ್ಕೊಂಡಿದ್ದಾನೆ. ಜ್ಯೂಸಿನ ಬಾಟ್ಲೀಲಿ ವಿಸ್ಕಿ ತಂದಿದ್ದ. ನಾನು ಚೆಲ್ಲಿದೆ. ಸ್ವಲ್ಪ ಕಣ್ಣಿಟ್ಟಿರಿ.’

ನೆಟ್ಟಾ ಅವಳ ಭುಜದ ಮೇಲಿಂದ ವಾಟಿಯತ್ತ ನೋಡಿದಳು. ವಾಟಿ ಬೇಡವೆಂದು ತಲೆಯಾಡಿಸಿದ. ನೆಟ್ಟಾ ಐಲ್ಸಾಳತ್ತ ತಿರುಗಿದಳು. ‘ಆಗ್ಲಿ ಕಣೇ, ನೋಡ್ಕೋತೀನಿ,’ ಎಂದು ಐಲ್ಸಾಳ ಕೆನ್ನೆ ಸವರಿದಳು.

ಸುದ್ದಿ ಒಂದೇ ವಾರದಲ್ಲಿ ಊರೆಲ್ಲ ಹರಡಿತು. ನಲವತ್ತು ವರ್ಷ ಬಿಟ್ಟವನು ಗೆಳೆಯ ಸತ್ತ ಮೇಲೆ ಮತ್ತೆ ಹಿಡಿದನಂತೆ, ಪಾಪ. ವಾಟಿ ಅಲ್ಲಗಳೆಯಲಿಲ್ಲ. ಆಗಸ್ಟಿನಲ್ಲಿ ಹೊಸ ಪಂದ್ಯಋತುವಿನ ಮೊದಲ ಆಟಕ್ಕೆ ಹೊರಟಾಗ ಸೆಂಗಾ ಗೇಟಿನಲ್ಲಿ ಅವನ ಮುಖ ನೋಡಲಾರದೆ, ‘ತಾತ, ಚೀಲ ಒಂಚೂರು ತೆಗೀತೀಯಾ?’ ಎಂದಳು. ತೆಗೆದು ತೋರಿಸಿದ.

ರೈಲು ಹೊರಟಿತು. ಐಲ್ಸಾ ಈ ಸಲ ಕೈ ಚಾಚಲಿಲ್ಲ, ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ವಾಟಿ ಫ್ಲಾಸ್ಕು ತೆರೆದು ಲೋಟ ತುಂಬಿಸಿ ಅವಳ ಮುಂದೆ ಹಿಡಿದ.

‘ತಗೋ. ಮೊದಲ ಲೋಟ ನಿಂದು.’

ಆಮೇಲೆ ಅವಳಿಗೆ ಮುಜುಗರವಾಗದಿರಲೆಂದು ಮುಖ ತಿರುಗಿಸಿ, ಎಕ್ ನೋಡುತ್ತಿದ್ದ ಹಾಗೆ ಕಿಟಕಿಯಾಚೆ ನೋಡುತ್ತ ಕೂತ.