ಮೆಟ್ಟಿಲು ತೊಳೆಯುವ ಸರದಿ

ಕನ್ನಡಕದ ಗಾಜು ಉಜ್ಜುವ ಕೆಲಸಗಾರರೊಬ್ಬರು ಈ ಊರಿಗೆ ಬಂದಿಳಿದದ್ದು ೧೯೮೪ನೆಯ ಇಸವಿ ಮಾರ್ಚ್ ಹನ್ನೊಂದರಂದು, ಭಾನುವಾರ. ಏಪ್ರಿಲ್ ಎಂದು ಹೇಳುವವರುಂಟು, ಅದು ತಪ್ಪು. ಹುಟ್ಟೂರಿನ ಥಂಡಿಗಾಳಿ ಎದೆಯಲ್ಲಿ ಗೂಡು ಕಟ್ಟಿತ್ತು. "ಹವೆ ಹಿತವಾಗಿರೋ ಕಡೆ ಒಂದು ವರ್ಷ ಇದ್ದು ನೋಡಿ" ಎಂದಿದ್ದರು ವೈದ್ಯರು. ಇಲ್ಲಿಯ ಹವೆಯೋ, ಬೆವರೂ ಇಲ್ಲ, ನಡುಕವೂ ಇಲ್ಲ. ಆರೇ ತಿಂಗಳಲ್ಲಿ ಕೆಮ್ಮು ಹೇಳದೆ ಕೇಳದೆ ಗಂಟುಮೂಟೆ ಕಟ್ಟಿತು, ಅವರು ಕಟ್ಟಲಿಲ್ಲ. ಎಲ್ಲರ ಬಾಯಲ್ಲೂ 'ಕನ್ನಡಕದವರು' ಆಗಿ ಉಳಿದರು.

ಅವರು ಬಾಡಿಗೆಗಿದ್ದ ಮೂರಂತಸ್ತಿನ ಕಟ್ಟಡದ ಕಿಟಕಿಗಳನ್ನು ವರ್ಷವಿಡೀ ಮುಚ್ಚುವ ಅಗತ್ಯವೇ ಬೀಳುತ್ತಿರಲಿಲ್ಲ. ಹಾಗಾಗಿ ಕೆಳಗಿನ ಬೇಕರಿ ಅಜ್ಜಿ ಗಂಡನನ್ನು ಗದರುವುದು ಒಂದು ಭಾಷೆಯಲ್ಲಿ, ಮೇಲಿನ ದರ್ಜಿ ಮಗಳಿಗೆ ಮಗ್ಗಿ ಹೇಳಿಕೊಡುವುದು ಇನ್ನೊಂದರಲ್ಲಿ, ಎದುರು ಬಾಗಿಲಿನ ಬಸ್ ಡ್ರೈವರ್ ಕನವರಿಸುವುದು ಮತ್ತೊಂದರಲ್ಲಿ, ಎಲ್ಲವೂ ಇವರ ಕೋಣೆಗೇ ಬಂದು ಬೀಳುತ್ತಿದ್ದವು. ಇವರೊಡನೆ ಮಾತ್ರ ಎಲ್ಲರೂ ಊರಿಗೆಲ್ಲ ಸಾಮಾನ್ಯವಾದ ಬೀದಿಯ ಭಾಷೆಯನ್ನೇ ಆಡುತ್ತಿದ್ದರು, ಅದೂ ಅಳೆದು ತೂಗಿ. ಕೇಳಿ ಕೇಳಿ ಇವರಿಗೆ ಮೂರು ಭಾಷೆಗಳೂ ತಿಳಿಯತೊಡಗಿದ್ದವೆಂಬುದು ಯಾರಿಗೂ ಗೊತ್ತಿರಲಿಲ್ಲ.

ಆದರೂ ಒಂದು ಮುಳ್ಳು ಒಳಗೇ ಉಳಿದಿತ್ತು. ವಾರಕ್ಕೊಂದು ಮನೆಯವರಂತೆ ಮೆಟ್ಟಿಲು ತೊಳೆಯುವ ಸರದಿ ಅಲ್ಲಿತ್ತು. ಇವರಿಗೆ ಅದು ಬರುತ್ತಲೇ ಇರಲಿಲ್ಲ. ಪೊರಕೆಗೆ ಕೈ ಹಾಕಿದರೆ ಅಜ್ಜಿ, "ಅಯ್ಯೋ, ಬಿಡಿ ಯಜಮಾನ್ರೇ, ನೀವು ಇವತ್ತೋ ನಾಳೆಯೋ ಹೊರಡೋರು" ಎಂದು ಕಸಿದುಕೊಳ್ಳುತ್ತಿದ್ದಳು. ಮೊದಲ ವರ್ಷ ಅದು ಮರ್ಯಾದೆಯಾಗಿ ಕಂಡಿತ್ತು. ಏಳನೆಯ ವರ್ಷಕ್ಕೆ ಅದೇ ಮರ್ಯಾದೆ ನುಂಗಲಾರದ ತುತ್ತಾಯಿತು.

೧೯೯೧ ಸೆಪ್ಟೆಂಬರ್ ಮೂವತ್ತಕ್ಕೆ ಕನ್ನಡಕದ ಅಂಗಡಿಯಲ್ಲಿ ಅವರ ಕೆಲಸ ಮುಗಿಯಿತು. ಕರೆದೊಯ್ಯಲು ಹುಟ್ಟೂರಿನಿಂದ ತಂಗಿಯೇ ಬಂದಳು. ಕೆಲಸವಿಲ್ಲದ, ಬಂಧುವಿಲ್ಲದ ಊರಿನಲ್ಲಿ ಯಾವ ಮುಖ ಹೊತ್ತು 'ಇಲ್ಲೇ ಇರುತ್ತೇನೆ' ಎನ್ನುವುದು? ಒಬ್ಬರಾದರೂ 'ಇರಿ' ಎಂದಾರೆಂದು ಅವರು ವಾರವೆಲ್ಲ ಕಾದರು. ಎಲ್ಲರೂ ನಗುನಗುತ್ತ, "ಸುಖವಾಗಿ ಹೋಗಿ ಬನ್ನಿ" ಎಂದರು.

ಅಕ್ಟೋಬರ್ ಆರು, ಭಾನುವಾರ, ಹೊರಡುವ ದಿನ. ಒಂದು ಸಲವಾದರೂ ಆ ಮೆಟ್ಟಿಲು ತೊಳೆದೇ ಹೋಗಬೇಕೆಂದು ಬೆಳಕು ಹರಿಯುವ ಹೊತ್ತಿಗೆ ಬಕೆಟ್ ಹಿಡಿದರು. ಬರೀ ನೀರಿನಲ್ಲಿ ತೊಳೆದರೆ ಏನು ಚೆಂದ? ಗಾಜಿಗೆ ಹೊಳಪು ಕೊಡುವ ಕೆಂಪು ಪುಡಿ ಒಂದು ಡಬ್ಬಿ ಮನೆಯಲ್ಲಿತ್ತು. ಗಾಜನ್ನು ಹೊಳೆಸುವ ಪುಡಿ ಕಲ್ಲನ್ನು ಹೊಳೆಸದೇ? ಧಾರಾಳವಾಗಿ ಸುರಿದು, ಮೇಲಿನಿಂದ ಕೆಳಗಿನವರೆಗೆ ತಿಕ್ಕಿದರು. ಕಲ್ಲು ಹೊಳೆಯಲಿಲ್ಲ, ಕೆಂಪಾಯಿತು. ನೀರು ಹೊಯ್ದಷ್ಟೂ ಹರಡಿತು. ಎದ್ದವರು ತುಳಿದು ಓಡಾಡಿದ್ದರಿಂದ ಮನೆಮನೆಯೊಳಗೂ ಕೆಂಪು ಹೆಜ್ಜೆಗಳು.

"ಯಾರದು ಮೆಟ್ಟಿಲಿಗೆ ಗಾಯ ಮಾಡಿದ್ದು?" ಎಂದು ಅಜ್ಜಿ ಕೂಗುತ್ತ ಬಂದಳು. ಪೊರಕೆ ಸಮೇತ ನಿಂತವರನ್ನು ಕಂಡು, "ಓಹೋ, ನೀನಾ! ಏಳು ವರ್ಷ ತಿಂದ ನನ್ನ ಬ್ರೆಡ್ಡೆಲ್ಲ ಹೊಟ್ಟೆಗೇ ಹೋಯ್ತಾ, ಚೂರೂ ತಲೆಗೆ ಹತ್ತಲಿಲ್ವಾ?"

"ಕೈಲಿರೋದು ಮದುವೆ ಬಟ್ಟೆ ಕಣಯ್ಯಾ, ಅಚ್ಚ ಬಿಳೀದು!" ದರ್ಜಿ ಮೇಲಿನಿಂದ ಹಾರಾಡಿದ. "ಒಂದು ಚುಕ್ಕೆ ಬೀಳಲಿ, ನಿನ್ನ ಚರ್ಮಾನೇ ಕತ್ತರಿಸಿ ಹೊಲೀತೀನಿ."

"ಊರಿನ ಕಣ್ಣೆಲ್ಲ ಸರಿ ಮಾಡ್ದ, ತನ್ನದೊಂದು ಬಿಟ್ಟು" ಎಂದ ಡ್ರೈವರ್, ಕೆಂಪು ಚಪ್ಪಲಿ ಎತ್ತಿ ತೋರಿಸುತ್ತ.

ಸಿಟ್ಟಿನ ಭರದಲ್ಲಿ ಮೂವರೂ ತಮ್ಮ ತಮ್ಮ ಭಾಷೆಗೆ ಜಾರಿದ್ದರು. ಕನ್ನಡಕದವರಿಗೆ ಒಂದು ಮಾತೂ ತಪ್ಪದೆ ತಿಳಿಯಿತು.

ಬಾಗಿಲಿಗೆ ಬಂದ ತಂಗಿಗೆ ಮಾತು ತಿಳಿಯದಿದ್ದರೂ ಮುಖಗಳು ತಿಳಿದವು. "ಏನಣ್ಣಾ, ಎಲ್ಲ ಸೇರ್ಕೊಂಡು ನಿನಗೆ ಬೈತಿದ್ದಾರಾ?"

"ಹೂಂ ಕಣಮ್ಮಾ, ಚೆನ್ನಾಗಿ ಬೈತಿದ್ದಾರೆ" ಎಂದವರ ಮುಖ ಅರಳಿತ್ತು.

"ನಿನಗ್ಯಾಕೆ ಬಂತು ಈ ಕರ್ಮ? ನಮ್ಮನೇಲಿ ನಿನ್ನ ಕೈಲಿ ಒಂದು ಲೋಟಾನೂ ಎತ್ತಿಸಲ್ಲ. ದೇವರ ಹಾಗೆ ಕೂರಿಸ್ತೀನಿ."

"ಅದೇ ಭಯ ನನಗೆ, ತಾಯಿ."

ಅಜ್ಜಿಯ ಕೋಪ ಇನ್ನೂ ಇಳಿದಿರಲಿಲ್ಲ. "ಹೊರಡೋದು ಗಿರಡೋದು ಆಮೇಲೆ. ಮುಂದಿನ ಭಾನುವಾರವೂ ನೀನೇ ತೊಳೀಬೇಕು, ಅದರ ಮುಂದಿನದೂ ನೀನೇ. ಈ ಕೆಂಪು ಹೋಗೋವರೆಗೂ ಬೇರೆಯವರಿಗೆ ಸರದಿಯಿಲ್ಲ!"

"ಇದು ಹೋಗಲ್ಲ ಅಜ್ಜೀ, ಕಲ್ಲಿನೊಳಕ್ಕೆ ಇಳಿದುಬಿಟ್ಟಿದೆ" ಎಂದರು ಅವರು, ಅವಳದೇ ಭಾಷೆಯಲ್ಲಿ.

ಅಜ್ಜಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ, "ಹಾಗಾದ್ರೆ ಸಾಯೋವರೆಗೂ ತೊಳಿ" ಎಂದು ಬಕೆಟ್ಟನ್ನು ಅವರ ಕಡೆಗೆ ಕಾಲಿನಿಂದ ನೂಕಿದಳು.

ಮಧ್ಯಾಹ್ನದ ಬಸ್ಸಿಗೆ ತಂಗಿ ಗೊಣಗುತ್ತ ಒಬ್ಬಳೇ ಹೊರಟಳು. ನಿಲ್ದಾಣದವರೆಗೆ ಹೋಗಿ ಬೀಳ್ಕೊಡಲು ಅಣ್ಣನಿಗೆ ಪುರುಸೊತ್ತಿರಲಿಲ್ಲ. ಎರಡನೆಯ ಅಂತಸ್ತಿನ ಮೆಟ್ಟಿಲು ಇನ್ನೂ ಬಾಕಿಯಿತ್ತು.